ಸುಟ್ಟ ವೈರ್‌ಗೆ ಟೇಪ್ ಸುತ್ತಿ ಸುಮ್ಮನಾಗಬೇಡಿ

ಹಳೇ ಪಿನ್‌ಬಾಲ್ ಮಷಿನ್‌ಗಳ ವೈರಿಂಗ್ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಈ ಸಲ ಜಾಗವೆಲ್ಲ ಹೆಚ್ಚುಕಮ್ಮಿ ಅದಕ್ಕೇ. ನಿಮಗೆ ಮಲ್ಟಿಮೀಟರ್ ಹಿಡಿಯಲು, ಬೆಸುಗೆ ಹಾಕಲು ಬರುತ್ತದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: 1970ರ ದಶಕದ ಎಲೆಕ್ಟ್ರೋಮೆಕ್ಯಾನಿಕಲ್ (ಎಲೆಕ್ಟ್ರಾನಿಕ್ ಬೋರ್ಡ್ ಇಲ್ಲದೆ ಕಾಯಿಲ್, ಸ್ವಿಚ್‌ಗಳಿಂದಲೇ ನಡೆಯುವ) ಮಷಿನ್. ಎಡ ಫ್ಲಿಪ್ಪರ್ (ಚೆಂಡು ಬಾರಿಸುವ ಪುಟ್ಟ ತೋಳು) ಎತ್ತುವ ಕಾಯಿಲ್‌ನ ವೈರ್ ಕರಗಿತ್ತು, ಟೇಪ್ ಸುತ್ತಿದೆ. ಈಗ ಫ್ಯೂಸ್ ಪದೇ ಪದೇ ಹೋಗುತ್ತಿದೆ. ದೊಡ್ಡ ಫ್ಯೂಸ್ ಹಾಕಿ ಎಂದು ರಿಪೇರಿಯವರು ಹೇಳಿದರು. ಹಾಕಲೇ?

ಬೇಡವೇ ಬೇಡ. ಹಾಗೆ ಹೇಳಿದವರನ್ನು ಮತ್ತೆ ಮಷಿನ್ ಹತ್ತಿರ ಬಿಡಬೇಡಿ. ‘ಬರೀ 24 ವೋಲ್ಟ್ ತಾನೇ’ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ವೋಲ್ಟೇಜ್ ಕಡಿಮೆ, ಆದರೆ ಕರೆಂಟ್ ಜಾಸ್ತಿ. ಮರದ ಪೆಟ್ಟಿಗೆಯೊಳಗೆ ವೈರ್ ಕೆಂಪಗೆ ಕಾದರೆ ಏನಾಗುತ್ತದೆ, ಯೋಚಿಸಿ.

ವೈರ್ ತಾನಾಗಿ ಕರಗುವುದಿಲ್ಲ, ಅಲ್ವಾ? ಮೊದಲು ಕಾರಣ ಹುಡುಕಿ. ಫ್ಲಿಪ್ಪರ್ ಕಾಯಿಲ್‌ನಲ್ಲಿ ಎರಡು ಸುತ್ತುಗಳಿವೆ. ಒಂದು ದಪ್ಪ ತಂತಿಯದು, ಕೆಲವೇ ಓಮ್, ಚೆಂಡನ್ನು ಬಾರಿಸಲು. ಇನ್ನೊಂದು ಸಣ್ಣ ತಂತಿಯದು, ರೆಸಿಸ್ಟೆನ್ಸ್ ಜಾಸ್ತಿ, ಫ್ಲಿಪ್ಪರನ್ನು ಎತ್ತಿ ಹಿಡಿದುಕೊಳ್ಳಲು. ಫ್ಲಿಪ್ಪರ್ ಪೂರ್ತಿ ಎದ್ದ ಕ್ಷಣದಲ್ಲಿ ಅದರ ಚಲನೆಯ ಕೊನೆಯಲ್ಲಿರುವ ಪುಟ್ಟ ಸ್ವಿಚ್ ತೆರೆದುಕೊಳ್ಳಬೇಕು. ಆಗ ಎರಡನೇ ಸುತ್ತೂ ಸೇರಿ ಕರೆಂಟ್ ಇಳಿಯುತ್ತದೆ. ಆ ಸ್ವಿಚ್‌ನ ಪಟ್ಟಿ ಬಗ್ಗಿಯೋ, ಕಾಂಟ್ಯಾಕ್ಟ್ ಅಂಟಿಕೊಂಡೋ ತೆರೆಯದಿದ್ದರೆ, ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಪೂರ್ತಿ ಕರೆಂಟ್ ಹರಿಯುತ್ತದೆ. ಕಾಯಿಲ್ ಮೇಲಿನ ಕಾಗದ ಕಪ್ಪಾಗುತ್ತದೆ, ಒಳಗಿನ ಕೊಳವೆ ಉಬ್ಬುತ್ತದೆ, ವೈರ್ ಕರಗುತ್ತದೆ.

ಪರೀಕ್ಷೆ ಸುಲಭ. ಮೊದಲು ಪ್ಲಗ್ ಕೀಳಿ. ಮೀಟರ್‌ನ ಎರಡು ಮೊನೆಗಳನ್ನು ಕಾಯಿಲ್‌ಗೆ ವೈರ್ ಬಂದು ಹೋಗುವ ಎರಡು ಕಾಲುಗಳ ಮೇಲಿಟ್ಟು, ಪ್ಲಂಜರನ್ನು (ಕಾಯಿಲ್ ಒಳಗೆ ಸರಿಯುವ ಕಂಬಿ) ಕೈಯಿಂದ ಕೊನೆಯವರೆಗೂ ತಳ್ಳಿ. ಕೆಲವೇ ಓಮ್ ತೋರಿಸುತ್ತಿದ್ದ ಮೀಟರ್ ಹತ್ತಾರು ಓಮ್‌ಗೆ, ಕೆಲವು ಕಾಯಿಲ್‌ಗಳಲ್ಲಿ ನೂರು ದಾಟಿ, ಜಿಗಿಯಬೇಕು. ಜಿಗಿಯದಿದ್ದರೆ ಸ್ವಿಚ್ ಸರಿಮಾಡಿ. ಮೊದಲಿಂದಲೇ ಒಂದು ಓಮ್‌ಗಿಂತ ಕಡಿಮೆ ತೋರಿಸಿದರೆ ಕಾಯಿಲ್ ಒಳಗೇ ಶಾರ್ಟ್ ಆಗಿದೆ, ಬದಲಿಸಿ. ಸುಟ್ಟ ಕಾಯಿಲನ್ನು ಉಳಿಸಿಕೊಂಡು ಹೊಸ ವೈರ್ ಹಾಕುವುದು ದಂಡ.

ಈಗ ವೈರ್. ಆ ಟೇಪ್ ಬಿಚ್ಚಿ ಎಸೆಯಿರಿ. ಬಿಸಿಗೆ ಅದರ ಗೋಂದು ಕರಗಿ ಜಾರುತ್ತದೆ. ಸುಟ್ಟ ಭಾಗವನ್ನು ತಾಮ್ರ ಫಳಫಳ ಹೊಳೆಯುವ ತನಕ ಕತ್ತರಿಸುತ್ತಾ ಹೋಗಿ. ಕಪ್ಪಾದ ಎಳೆಗಳ ಮೇಲೆ ಬೆಸುಗೆ ಗುಂಡಾಗಿ ಉರುಳುತ್ತದೆ, ಹಿಡಿಯುವುದಿಲ್ಲ. ಅಷ್ಟೇ ದಪ್ಪದ, ಎಳೆಗಳಿರುವ ಹೊಸ ವೈರನ್ನೇ ಹಾಕಿ. ಹೀಟ್ ಶ್ರಿಂಕ್ ಕೊಳವೆಯನ್ನು (ಬಿಸಿಗೆ ಕುಗ್ಗಿ ಬಿಗಿಯುವ ಹೊದಿಕೆ) ಮೊದಲೇ ತೂರಿಸಿ, ಎರಡು ತುದಿಗಳನ್ನು ಒಂದಕ್ಕೊಂದು ಹೊಸೆದು, ಆಮೇಲೆ ರೋಸಿನ್ ಬೆಸುಗೆ ಹಾಕಿ. ಆಸಿಡ್ ಫ್ಲಕ್ಸ್ ಹತ್ತಿರ ತರಬೇಡಿ. ಬೆಸುಗೆಯ ಬದಲು ವೈರ್ ತುದಿಗೆ ತಿರುಗಿಸಿ ಹಾಕುವ ಕ್ಯಾಪ್‌ಗಳು ಮಷಿನ್‌ನ ಅದುರಾಟಕ್ಕೆ ಸಡಿಲವಾಗುತ್ತವೆ. ಬಣ್ಣವೂ ಹಳೇ ವೈರ್‌ನದ್ದೇ ಇರಲಿ, ಯಾಕೆಂದರೆ ಸ್ಕೀಮ್ಯಾಟಿಕ್‌ನಲ್ಲಿ (ಮಷಿನ್‌ನ ವೈರಿಂಗ್ ನಕ್ಷೆ) ವೈರ್ ಗುರುತಿಸುವುದೇ ಬಣ್ಣದಿಂದ. ಸಿಗದಿದ್ದರೆ ಎರಡೂ ತುದಿಗೆ ಚೀಟಿ ಕಟ್ಟಿ.

ಬಹಳ ಜನ ಮರೆಯುವುದು ಒಂದಿದೆ. ಆಟದ ಹಲಗೆಯನ್ನು ಎತ್ತಿದಾಗ ವೈರ್ ಕಟ್ಟು ಹಿಂಜಿನ ಹತ್ತಿರ ಬಾಗುತ್ತದೆ. ಅಲ್ಲಿ ಸಡಿಲ ಬಿಡದೆ ಬಿಗಿಯಾಗಿ ಕಟ್ಟಿದರೆ ಹೊರಗಿನ ಹೊದಿಕೆ ಚೆನ್ನಾಗಿದ್ದರೂ ಒಳಗಿನ ತಾಮ್ರ ತುಂಡಾಗುತ್ತದೆ. ಕಂಟಿನ್ಯುಟಿ ನೋಡುವಾಗ ಹಲಗೆಯನ್ನು ಎತ್ತಿ ಇಳಿಸುತ್ತಲೇ ನೋಡಿ.

ಇಷ್ಟಾದ ಮೇಲೆ, ಲೇಬಲ್‌ನಲ್ಲೋ ಸ್ಕೀಮ್ಯಾಟಿಕ್‌ನಲ್ಲೋ ಬರೆದಿರುವ ಅಳತೆಯ ಫ್ಯೂಸನ್ನೇ ಹಾಕಿ. ಮತ್ತೆ ಹೋದರೆ ಇನ್ನೊಂದು ತಪ್ಪಿದೆ ಎಂದರ್ಥ. ಹುಡುಕಿ.

ಪ್ರಶ್ನೆ: ಸ್ವಿಚ್‌ಗಳಿಗೆ ಡಬ್ಲ್ಯೂಡಿ-40 (ತುಕ್ಕು ಬಿಡಿಸುವ ಸ್ಪ್ರೇ) ಹೊಡೆಯಬಹುದೇ?

ಬೇಡ. ಕಾಂಟ್ಯಾಕ್ಟ್‌ಗಳಲ್ಲಿ ಕಿಡಿ ಹಾರುತ್ತದೆ, ಆ ಸ್ಪ್ರೇಗೆ ಬೆಂಕಿ ಹತ್ತಿಕೊಳ್ಳುತ್ತದೆ.

ಪ್ರಶ್ನೆ: ಬಟ್ಟೆ ಹೊದಿಕೆಯ ವೈರ್ ಹಳತಾಗಿದೆ. ಇಡೀ ಮಷಿನ್‌ಗೆ ಹೊಸ ವೈರಿಂಗ್ ಮಾಡಲೇ?

ಮುಟ್ಟಿದರೆ ಹೊದಿಕೆ ಉದುರುವ ಕಡೆ ಮಾತ್ರ ಬದಲಿಸಿ. ಚೆನ್ನಾಗಿರುವ ಕಟ್ಟನ್ನು ಬಿಚ್ಚಿದರೆ ಹೊಸ ತಪ್ಪುಗಳು ಹುಟ್ಟುತ್ತವೆ.

ಪ್ರಶ್ನೆ: ಸಾಲಿಡ್ ಸ್ಟೇಟ್ (ಎಲೆಕ್ಟ್ರಾನಿಕ್ ಬೋರ್ಡ್‌ನಿಂದ ನಡೆಯುವ) ಮಷಿನ್‌ನಲ್ಲಿ ಬ್ಯಾಟರಿ ಸೋರಿದೆ. ಬೋರ್ಡ್ ಒರೆಸಿದರೆ ಸಾಕೇ?

ಸಾಲದು. ಆ ಕ್ಷಾರ ಹೊದಿಕೆಯ ಒಳಗೆ ತಾಮ್ರದ ಮೇಲೇ ತೆವಳಿಕೊಂಡು ಹೋಗುತ್ತದೆ. ಹತ್ತಿರದ ಕನೆಕ್ಟರ್ ಪಿನ್‌ಗಳು ಹಸಿರಾಗಿದ್ದರೆ ಪಿನ್ನು, ಎದುರಿನ ಟರ್ಮಿನಲ್ ಎರಡನ್ನೂ ಬದಲಿಸಿ.

ಪ್ರಶ್ನೆ: ಕಾಯಿಲ್ ಬದಲಿಸುವಾಗ ಡಯೋಡ್ ಉದುರಿತು. ಹೇಗೆ ಹಾಕಿದರೂ ಆಗುತ್ತಾ?

ಇಲ್ಲ. ಪಟ್ಟಿಯಿರುವ ತುದಿ ಪವರ್ ಬರುವ ಕಾಲಿಗೆ. ತಿರುಗಿಸಿ ಹಾಕಿದರೆ ಫ್ಯೂಸೋ ಟ್ರಾನ್ಸಿಸ್ಟರೋ ಹೋಗುತ್ತದೆ. ಹಾಕದೇ ಬಿಟ್ಟರೂ ಟ್ರಾನ್ಸಿಸ್ಟರ್ ಉಳಿಯುವುದಿಲ್ಲ.