ಕಸಿ ಕಿಡ್ನಿ: ಬಯಾಪ್ಸಿ ಬದಲು ರಕ್ತಪರೀಕ್ಷೆ ಸಾಕೆ?

ಪ್ರಶ್ನೆ: ತಮ್ಮನಿಗೆ ಆಯಿಯ (ತಾಯಿಯ) ಕಿಡ್ನಿ ಕಸಿ ಮಾಡಿ ಹದಿನಾಲ್ಕು ತಿಂಗಳಾಯಿತು. 1.2 ಇದ್ದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ರಕ್ತದ ಕಸ) ಈಗ 1.5. ಡಾಕ್ಟರು ಬಯಾಪ್ಸಿ (ಸೂಜಿಯಿಂದ ಕಿಡ್ನಿಯ ಚೂರು ತೆಗೆದು ನೋಡುವುದು) ಎನ್ನುತ್ತಿದ್ದಾರೆ. ರಿಜೆಕ್ಷನ್ (ಕಸಿ ಕಿಡ್ನಿಯ ಮೇಲೆ ದೇಹವೇ ದಾಳಿ ಮಾಡುವುದು) ಹಿಡಿಯುವ ಡಿಎನ್‌ಎ ರಕ್ತಪರೀಕ್ಷೆ ಬಂದಿದೆಯಂತೆ. ಅದನ್ನು ಮಾಡಿಸಿದರೆ ಸೂಜಿ ತಪ್ಪುತ್ತದೆಯೆ? (ಓದುಗರು, ಶಿರಸಿ)

ಉತ್ತರ: ಈ ಹಂತದಲ್ಲಿ ತಪ್ಪುವುದಿಲ್ಲ. ಕ್ರಿಯಾಟಿನಿನ್ ಕಾಲು ಭಾಗ ಏರಿದೆ. ನೀರು ಕಡಿಮೆಯಾಗಿಲ್ಲ, ಮೂತ್ರದ ಸೋಂಕಿಲ್ಲ, ರಿಜೆಕ್ಷನ್ ತಡೆಯುವ ಔಷಧಿ ಟ್ಯಾಕ್ರೋಲಿಮಸ್‌ನ ಮಟ್ಟ ರಕ್ತದಲ್ಲಿ ಸರಿಯಿದೆ ಎಂದು ಖಚಿತವಾದ ಮೇಲೂ ಅದು ಇಳಿಯದಿದ್ದರೆ ಬಯಾಪ್ಸಿಯೇ ಸರಿ. ಸೋಂಕು ತಡೆಯುವ ಕೋಟ್ರೈಮಾಕ್ಸಜೋಲ್ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಡಾಕ್ಟರಿಗೆ ನೆನಪಿಸಿ. ಕಿಡ್ನಿಗೆ ಏನೂ ಆಗದಿದ್ದರೂ ಅದು ಕ್ರಿಯಾಟಿನಿನ್ ಏರಿಸುತ್ತದೆ.

ಡಿಎನ್‌ಎ ಪರೀಕ್ಷೆಯ ಹಿಂದಿನ ಲೆಕ್ಕ ಸರಳ. ಜೀವಕೋಶ ಸತ್ತಾಗ ಅದರ ಡಿಎನ್‌ಎ ಚೂರುಗಳು ರಕ್ತಕ್ಕೆ ಬೀಳುತ್ತವೆ. ತಮ್ಮನ ರಕ್ತದ ಸಾವಿರ ಚೂರುಗಳಲ್ಲಿ ಐದು ಆಯಿಯ ಕಿಡ್ನಿಯವಾದರೆ ವರದಿಯಲ್ಲಿ 0.5% ಎಂದು ಬರುತ್ತದೆ. 1% ದಾಟಿದರೆ ಅನುಮಾನ. ಚೂರುಗಳು ಒಂದೆರಡು ಗಂಟೆಯಲ್ಲೇ ಅರ್ಧಕ್ಕಿಳಿಯುವುದರಿಂದ ಅದು ಇವತ್ತಿನ ಪೆಟ್ಟನ್ನೇ ತೋರಿಸುತ್ತದೆ. ಕ್ರಿಯಾಟಿನಿನ್ ಏರುವುದು ಸೋಸುವ ಶಕ್ತಿ ಕುಸಿದ ಮೇಲೆ.

2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 1% ದಾಟಿದವರ ಪೈಕಿ ನೂರಕ್ಕೆ 61 ಮಂದಿಗೆ ನಿಜಕ್ಕೂ ರಿಜೆಕ್ಷನ್ ಇತ್ತು. ಅದಕ್ಕಿಂತ ಕೆಳಗಿದ್ದವರಲ್ಲಿ ನೂರಕ್ಕೆ 84 ಮಂದಿಗೆ ಇರಲಿಲ್ಲ. ಅಂದರೆ ಎರಡೂ ಕಡೆ ತಪ್ಪುವ ಸಾಧ್ಯತೆ ಸಣ್ಣದಲ್ಲ. ಪ್ರತಿಕಾಯಗಳಿಂದಾಗುವ ರಿಜೆಕ್ಷನ್ ಇದರಲ್ಲಿ ಚೆನ್ನಾಗಿ ಸಿಗುತ್ತದೆ, ಟಿ-ಕೋಶಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಸೌಮ್ಯ ರಿಜೆಕ್ಷನ್ ನುಸುಳಿಬಿಡುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆಯಾದ್ದರಿಂದ ಯಾವುದೆಂದು ತಿಳಿಯಲು ಅಂಗಾಂಶವೇ ಬೇಕು. ಕ್ರಿಯಾಟಿನಿನ್ ಸ್ಥಿರವಾಗಿರುವವರ ಮೇಲೆ ಕಣ್ಣಿಡಲು, ಬಯಾಪ್ಸಿ ಯಾವಾಗ ಎಂದು ನಿರ್ಧರಿಸಲು ಈ ಪರೀಕ್ಷೆ ನಿಜವಾಗಿ ಉಪಯುಕ್ತ.

ಇದು ಶೇಕಡಾವಾರು ಅನ್ನುವುದನ್ನು ಮರೆಯಬೇಡಿ. ಸಾವಿರ ಚೂರುಗಳಲ್ಲಿ ಆಯಿಯವು 12 ಇದ್ದರೆ 1.2%. ಮಳೆಗಾಲದಲ್ಲಿ ತೋಟಕ್ಕಿಳಿದು ಇಲಿಜ್ವರ ಬಂತೆನ್ನಿ. ತಮ್ಮನ ಸ್ವಂತ ಕೋಶಗಳೇ ಹೆಚ್ಚು ಸತ್ತು ಒಟ್ಟು ಚೂರು ಮೂರು ಸಾವಿರವಾದರೆ ಅದೇ 12ಕ್ಕೆ 0.4% ಬರುತ್ತದೆ. ಕಿಡ್ನಿಯ ಪೆಟ್ಟು ಹಾಗೇ ಇದ್ದರೂ ವರದಿ ಚೆನ್ನಾಗಿ ಕಾಣುತ್ತದೆ! ಜ್ವರವಿದ್ದಾಗ ಮಾಡಿಸಬೇಡಿ. ಪ್ರತಿ ಮಿಲಿಲೀಟರಿಗೆ ಎಷ್ಟು ಚೂರು ಎಂಬ ಲೆಕ್ಕವನ್ನೂ ಲ್ಯಾಬ್ ಕೊಡುವುದಾದರೆ ಕೇಳಿ ಪಡೆಯಿರಿ. ಕಸಿ ಕಿಡ್ನಿಯನ್ನು ಕಾಡುವ ಬಿಕೆ ವೈರಸ್, ಕಿಡ್ನಿ ಸೋಂಕು, ಈಚೆಗೆ ಆದ ಬಯಾಪ್ಸಿ ಇವೆಲ್ಲ ರಿಜೆಕ್ಷನ್ ಇಲ್ಲದೆಯೂ ಅಂಕಿ ಏರಿಸುತ್ತವೆ. ದಾನಿ ತಾಯಿ ಎಂದು ಫಾರ್ಮಿನಲ್ಲಿ ಬರೆಸಿ. ತಾಯಿ-ಮಗನಿಗೆ ಅರ್ಧ ಡಿಎನ್‌ಎ ಒಂದೇ, ಲೆಕ್ಕಕ್ಕೆ ಅದು ಬೇಕಾಗುತ್ತದೆ.

ಪ್ರಶ್ನೆ: ಈ ಪರೀಕ್ಷೆಗೆ ಕಾರವಾರದಲ್ಲೇ ರಕ್ತ ತೆಗೆಸಿ ಬೆಂಗಳೂರಿಗೆ ಕಳಿಸಬಹುದೆ? (ಓದುಗರು, ಕಾರವಾರ)

ಉತ್ತರ: ಕಳಿಸಬಹುದು, ಟ್ಯೂಬ್ ಸರಿಯಿದ್ದರೆ. ನೇರಳೆ ಮುಚ್ಚಳದ ಮಾಮೂಲಿ ಟ್ಯೂಬಿನಲ್ಲಿ ಕೆಲವೇ ಗಂಟೆಯೊಳಗೆ ಪ್ಲಾಸ್ಮಾ (ರಕ್ತಕಣಗಳಿಲ್ಲದ ದ್ರವ) ಬೇರ್ಪಡಿಸಬೇಕು. ಇಲ್ಲವಾದರೆ ಬಿಳಿ ರಕ್ತಕಣಗಳು ದಾರಿಯಲ್ಲೇ ಒಡೆದು ರೋಗಿಯದೇ ಡಿಎನ್‌ಎ ಸುರಿದು ಶೇಕಡಾವಾರು ಸುಳ್ಳಾಗಿ ಇಳಿಯುತ್ತದೆ. ಕಣ ಒಡೆಯದಂತೆ ಕಾಯುವ ವಿಶೇಷ ಟ್ಯೂಬನ್ನು ಲ್ಯಾಬಿನಿಂದ ಮೊದಲೇ ತರಿಸಿಕೊಳ್ಳಿ. ಗುರುತಿನವರೆಗೆ ತುಂಬಿಸಿ, ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ. ಕುಲುಕಬಾರದು. ಸ್ಯಾಂಪಲ್ ಎಂದರೆ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ತುಂಬುವ ರೂಢಿ ಇಲ್ಲಿದೆ. ಇದಕ್ಕೆ ಐಸ್ ಬೇಡ, ಬಿಸಿಲಿಗೆ ನಿಂತ ಗಾಡಿಯೂ ಬೇಡ. ಮಳೆಗಾಲದಲ್ಲಿ ಗುಡ್ಡ ಜರಿದು ಹೆದ್ದಾರಿ ನಿಲ್ಲುವುದುಂಟು, ವಾರದ ಮೊದಲಲ್ಲೇ ಕಳಿಸಿ. ಈಚೆಗೆ ರೋಗಿಗೆ ಬೇರೆಯವರ ರಕ್ತ ಏರಿಸಿದ್ದರೆ ಲ್ಯಾಬಿಗೆ ತಿಳಿಸಿ.

ಅದೇ ದಿನ ಟ್ಯಾಕ್ರೋಲಿಮಸ್ ಮಟ್ಟವನ್ನೂ ನೋಡಿಸುವವರು ಗಮನಿಸಿ. ರಾತ್ರಿಯ ಮಾತ್ರೆ ನುಂಗಿ 12 ತಾಸು ಕಳೆದ ಮೇಲೆ, ಬೆಳಗಿನದಕ್ಕೆ ಮುಂಚೆ ರಕ್ತ ಕೊಡಬೇಕು. ಬಸ್ ಹತ್ತುವ ಅವಸರದಲ್ಲಿ ಮಾತ್ರೆ ನುಂಗಿಬಿಟ್ಟರೆ ಮಟ್ಟ ಹೆಚ್ಚು ತೋರಿಸುತ್ತದೆ, ಡೋಸ್ ಇಳಿಸುತ್ತಾರೆ, ರಿಜೆಕ್ಷನ್‌ಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಮಾತ್ರೆ ಚೀಲದಲ್ಲಿರಲಿ, ರಕ್ತ ಕೊಟ್ಟ ಕೂಡಲೇ ನುಂಗಿ.

ಪ್ರಶ್ನೆ: ಕಸಿಯಾದವರು ಹಿತ್ತಲಿನ ಚಕ್ಕೋತ ತಿನ್ನಬಹುದೆ? (ಓದುಗರು, ಕುಮಟಾ)

ಉತ್ತರ: ಬೇಡ. ಟ್ಯಾಕ್ರೋಲಿಮಸ್ ಒಡೆಯುವ ಕರುಳಿನ ಕಿಣ್ವವನ್ನು ಚಕ್ಕೋತ ತಡೆಯುತ್ತದೆ. ಔಷಧಿ ರಕ್ತದಲ್ಲಿ ಹೆಚ್ಚಾಗಿ ಕಿಡ್ನಿಗೇ ಹೊಡೆತ ಬೀಳುತ್ತದೆ, ಕ್ರಿಯಾಟಿನಿನ್ ಏರಿ ರಿಜೆಕ್ಷನ್‌ನಂತೆಯೇ ಕಾಣುತ್ತದೆ. ಈಗಾಗಲೇ ತಿಂದಿದ್ದರೆ ಬಯಾಪ್ಸಿಗೆ ಮೊದಲು ಡಾಕ್ಟರಿಗೆ ಹೇಳಿ. ಪೊಟ್ಯಾಸಿಯಂ ಹೆಚ್ಚಿಲ್ಲದಿದ್ದರೆ ಮೂಸಂಬಿ ತಿನ್ನಬಹುದು.