ಜರ್ಮನಿಯಲ್ಲಿ ರೇಡಿಯೊ ಕೇಳೋಕೂ ದುಡ್ಡು ಕೊಡಬೇಕಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಲೈಪ್‌ಜಿಗ್‌ಗೆ ಬಂದು ಇನ್ನೂ ಸರಿಯಾಗಿ ಪೆಟ್ಟಿಗೆ ಬಿಚ್ಚಿಲ್ಲ, ಆಗಲೇ ರೇಡಿಯೊ ಶುಲ್ಕ ಕಟ್ಟಿ ಅಂತ ಪತ್ರ ಬಂದಿದೆ, ಮನೆಯಲ್ಲಿ ರೇಡಿಯೊನೂ ಇಲ್ಲ ಟಿವಿನೂ ಇಲ್ಲ, ಕಟ್ಟಲೇಬೇಕಾ ಅನ್ನೋದು ಒಂದು. ಕೆಲಸ ಮಾಡುತ್ತಾ ಕೇಳುವ ಪುಟ್ಟ ಇಂಟರ್‌ನೆಟ್ ರೇಡಿಯೊ ಒಂದು ‘ಸದಸ್ಯರಾಗಿ, ನಮ್ಮನ್ನು ಉಳಿಸಿ’ ಅಂತ ಗಂಟೆಗೊಮ್ಮೆ ಕೇಳುತ್ತಿದೆ, ಆ ಶುಲ್ಕ ಕಟ್ಟಿದ ಮೇಲೂ ಇವರಿಗೆ ಯಾಕೆ ಕೊಡಬೇಕು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ: ಹೌದು, ಕಟ್ಟಲೇಬೇಕು. ಎರಡನೆಯದಕ್ಕೂ ನನ್ನ ಉತ್ತರ ಹೌದೇ. ಆದರೆ ಕಾರಣ ಬೇರೆ, ಷರತ್ತುಗಳೂ ಇವೆ.

ಪತ್ರದ ವಿಷಯ ಬೇಗ ಮುಗಿಸಿಬಿಡೋಣ. ಅದು ಮೋಸದ ಪತ್ರವಲ್ಲ. ನೀವು ಊರಿನ ಕಚೇರಿಗೆ ಹೋಗಿ ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಮಾಡಿಸಿದಾಗ ನಿಮ್ಮ ವಿಳಾಸ ಈ ಶುಲ್ಕ ವಸೂಲು ಮಾಡುವ, ಕಲೋನ್‌ನಲ್ಲಿರುವ ಬೈಟ್ರಾಗ್ಸ್‌ಸರ್ವಿಸ್ ಎಂಬ ಕಚೇರಿಗೆ ತಾನಾಗಿ ಹೋಗುತ್ತದೆ. 2013ರಿಂದ ಈ ಶುಲ್ಕ ಮನೆಗೊಂದು. ಮನೆಯಲ್ಲಿ ಟಿವಿ ಇದೆಯಾ, ರೇಡಿಯೊ ಇದೆಯಾ ಅಂತ ಯಾರೂ ನೋಡುವುದಿಲ್ಲ. ತಿಂಗಳಿಗೆ 18.36 ಯೂರೊ, ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ 55.08. ಪತ್ರವನ್ನು ಡ್ರಾಯರ್‌ಗೆ ಹಾಕಿ ಮರೆತರೆ ಅವರೇ ನಿಮ್ಮನ್ನು ಸೇರಿಸಿಕೊಂಡು, ಮನೆಗೆ ಬಂದ ತಿಂಗಳಿನಿಂದ ಲೆಕ್ಕ ಹಾಕಿ, ಮೇಲೆ ಕನಿಷ್ಠ 8 ಯೂರೊ ದಂಡ ಹಾಕುತ್ತಾರೆ. ನೀವು ಇಬ್ಬರು ಮೂವರು ಸೇರಿ ಇದ್ದೀರಿ ಅಂದಿರಲ್ಲ, ಒಬ್ಬರು ಕಟ್ಟಿದರೆ ಸಾಕು. ಕಟ್ಟುತ್ತಿರುವವರ ಬೈಟ್ರಾಗ್ಸ್‌ನುಮ್ಮರ್ (ಶುಲ್ಕದ ಖಾತೆ ಸಂಖ್ಯೆ) ತೆಗೆದುಕೊಂಡು ಆನ್‌ಲೈನ್‌ನಲ್ಲಿ ಒಂದು ಅರ್ಜಿ ತುಂಬಿ. ಹೊಸಬರು ಬಹಳ ಜನ ಇದು ಗೊತ್ತಿಲ್ಲದೆ ಒಂದೇ ಮನೆಗೆ ಎರಡೆರಡು ಸಲ ಕಟ್ಟುತ್ತಾರೆ.

ಹೇಗೂ ಕಟ್ಟುತ್ತೀರಲ್ಲ, ಉಪಯೋಗಿಸಿಕೊಳ್ಳಿ. ಈ ಶುಲ್ಕದಲ್ಲೇ ನಡೆಯುವ ಡಾಯ್ಚ್‌ಲಾಂಡ್‌ಫುಂಕ್ ರೇಡಿಯೊದಲ್ಲಿ ಒಂದೇ ಒಂದು ಜಾಹೀರಾತು ಬರುವುದಿಲ್ಲ. ಅವರೇ ಸುಲಭ ಜರ್ಮನ್‌ನಲ್ಲಿ ವಾರದ ಸುದ್ದಿಯನ್ನೂ ಕೊಡುತ್ತಾರೆ. ಬಿ1 ಹಂತದ ಜರ್ಮನ್ ಭಾಷಾ ಪರೀಕ್ಷೆಗೆ ಓದುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಈ ಶುಲ್ಕದಿಂದ ಸರ್ಕಾರಿ ಅಲ್ಲದ, ಖಾಸಗಿಯೂ ಅಲ್ಲದ ಒಂದು ದೊಡ್ಡ ವ್ಯವಸ್ಥೆ ನಡೆಯುತ್ತಿದೆ. ವರ್ಷಕ್ಕೆ ಸುಮಾರು 900 ಕೋಟಿ ಯೂರೊ ಸಂಗ್ರಹವಾಗುತ್ತದೆ. ಇದು ನಮಗೆ ತೀರಾ ಹೊಸದೂ ಅಲ್ಲ. ನಮ್ಮಲ್ಲೂ ಎಂಬತ್ತರ ದಶಕದವರೆಗೆ ರೇಡಿಯೊಗೆ ಲೈಸೆನ್ಸ್ ಇತ್ತು, ಪೋಸ್ಟ್ ಆಫೀಸಿಗೆ ಹೋಗಿ ವರ್ಷಾ ವರ್ಷಾ ದುಡ್ಡು ಕಟ್ಟಬೇಕಿತ್ತು. ನಿಮ್ಮ ತಾತ, ಅಜ್ಜಿಯನ್ನು ಕೇಳಿ ನೋಡಿ, ಆ ಪುಟ್ಟ ಪುಸ್ತಕ ಇನ್ನೂ ಟ್ರಂಕಿನಲ್ಲಿ ಇದ್ದರೂ ಇರಬಹುದು.

ಈಗ ಎರಡನೆಯ ಪ್ರಶ್ನೆ. ಇಷ್ಟು ಕೋಟಿ ಇರುವಾಗ ಸಣ್ಣ ರೇಡಿಯೊಗೆ ನಾನ್ಯಾಕೆ ಕೊಡಲಿ ಅಂತ ನೀವು ಕೇಳುವುದು ನ್ಯಾಯವೇ. ಅದಕ್ಕೆ ಬರ್ಲಿನ್‌ನ ರೇಡಿಯೊ ಮುಲ್ಟಿಕುಲ್ಟಿ ಕಥೆ ಹೇಳುತ್ತೇನೆ.

1994ರಲ್ಲಿ ಬರ್ಲಿನ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ ಈ ವಾಹಿನಿ ಶುರುಮಾಡಿತು. ಹೊರಗಿನಿಂದ ಬಂದು ನೆಲೆಸಿದವರಿಗಾಗಿ, ಅವರೇ ಮಾತಾಡುವ ರೇಡಿಯೊ. ಹಗಲು ಜರ್ಮನ್‌ನಲ್ಲಿ, ಆದರೆ ನಿರೂಪಕರ ಉಚ್ಚಾರ ಅವರವರ ಊರಿನದು, ಅದನ್ನು ಯಾರೂ ತಿದ್ದುತ್ತಿರಲಿಲ್ಲ. ಸಂಜೆ ಟರ್ಕಿಶ್, ರಷ್ಯನ್, ಪೋಲಿಷ್ ಹೀಗೆ ಹಲವು ಭಾಷೆಗಳಲ್ಲಿ ಕಾರ್ಯಕ್ರಮ. ಆ ಊರಿಗೆ ಹೇಳಿ ಮಾಡಿಸಿದಂತೆ ಇತ್ತು. ಆಮೇಲೆ ಸಂಸ್ಥೆಯ ಬಜೆಟ್‌ನಲ್ಲಿ ತೂತು ಬಿತ್ತು. ಏನು ಕಡಿಮೆ ಮಾಡೋಣ ಅಂತ ಲೆಕ್ಕ ಹಾಕಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಇದೇ. ಜನ ಪ್ರತಿಭಟಿಸಿದರು, ಪತ್ರ ಬರೆದರು. 2008ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು. ಅಲ್ಲಿ ಕೆಲಸ ಮಾಡುತ್ತಿದ್ದ ಕೆಲವರು ಸುಮ್ಮನೆ ಕೂರದೆ ಇಂಟರ್‌ನೆಟ್‌ನಲ್ಲಿ ಹೊಸ ರೇಡಿಯೊ ಶುರುಮಾಡಿದರು. ಮುಂದೆ ಅದೇ ಮಲ್ಟಿಕಲ್ಟ್ ಡಾಟ್ ಎಫ್‌ಎಂ ಆಯಿತು. ಸಂಬಳವಿಲ್ಲದ ದುಡಿಮೆ, ಕೇಳುಗರ ಚಂದಾ, ಇದರ ಮೇಲೇ ನಿಂತಿತ್ತು.

ಇದರಲ್ಲಿ ಖಳನಾಯಕರು ಯಾರೂ ಇಲ್ಲ ಅನ್ನುವುದನ್ನು ಗಮನಿಸಿ. ಎಲ್ಲರ ದುಡ್ಡಿನಲ್ಲಿ ನಡೆಯುವ ರೇಡಿಯೊ ಎಲ್ಲರನ್ನೂ ನೋಡಬೇಕು. ಕತ್ತರಿ ಹಾಕುವ ದಿನ ಬಂದಾಗ ಸ್ವಲ್ಪ ಜನ ಕೇಳುವುದಕ್ಕೇ ಹಾಕುತ್ತಾರೆ. ನೀವು, ನಾನು ಇಲ್ಲಿ ಯಾವಾಗಲೂ ಆ ‘ಸ್ವಲ್ಪ ಜನ’. ಭಾಷೆಯಲ್ಲೂ ಅಷ್ಟೇ, ರುಚಿಯಲ್ಲೂ ಅಷ್ಟೇ. ಹಾಗಾಗಿ ಸ್ವಲ್ಪ ಜನರಿಗೆ ಬೇಕಾದ ರೇಡಿಯೊವನ್ನು ಆ ಸ್ವಲ್ಪ ಜನವೇ ಸಾಕಬೇಕು, ಬೇರೆ ದಾರಿ ನನಗೆ ಕಾಣುತ್ತಿಲ್ಲ. ಜಾಹೀರಾತು ಇದೆಯಲ್ಲ ಅನ್ನಬಹುದು. ಜಾಹೀರಾತು ಕೊಡುವವನಿಗೂ ಬೇಕಾಗಿರುವುದು ದೊಡ್ಡ ಸಂಖ್ಯೆಯೇ ಅಲ್ವಾ?

ನಮ್ಮ ಹ್ಯಾಂಬರ್ಗ್‌ನಲ್ಲೇ ಬೈಟ್‌ಎಫ್‌ಎಂ ಇದೆ. 2008ರ ಜನವರಿಯಲ್ಲಿ ರೂಬೆನ್ ಯೋನಾಸ್ ಷ್ನೆಲ್ ಎಂಬ ಪತ್ರಕರ್ತ ಶುರುಮಾಡಿದ್ದು. ಜಾಹೀರಾತಿಲ್ಲ. ಕಂಪ್ಯೂಟರ್ ಅದೇ ನಲವತ್ತು ಹಾಡು ತಿರುಗಿಸಿ ತಿರುಗಿಸಿ ಹಾಕುವುದಿಲ್ಲ. ಒಬ್ಬೊಬ್ಬ ನಿರೂಪಕರು ತಮ್ಮ ಗಂಟೆಯ ಹಾಡುಗಳನ್ನು ತಾವೇ ಆರಿಸಿ, ಯಾಕೆ ಆರಿಸಿದೆ ಅಂತಲೂ ಹೇಳುತ್ತಾರೆ. ಅದನ್ನು ಪೋಷಿಸಲು ಕೇಳುಗರದೇ ಒಂದು ಗೆಳೆಯರ ಸಂಘವಿದೆ. ಅದರ ಸದಸ್ಯರು ವರ್ಷಕ್ಕಿಷ್ಟು ಅಂತ ಕೊಡುತ್ತಾರೆ, ಬದಲಿಗೆ ಹಳೆಯ ಕಾರ್ಯಕ್ರಮಗಳ ಆರ್ಕೈವ್ ಕೇಳಬಹುದು. ನೇರ ಪ್ರಸಾರ ಮಾತ್ರ ಎಲ್ಲರಿಗೂ ಪುಕ್ಕಟೆ. ನನಗೆ ಈ ಏರ್ಪಾಡು ಬಹಳ ಹಿಡಿಸಿದೆ. ಕೊಡದವನನ್ನು ಹೊರಗೆ ನಿಲ್ಲಿಸುವುದಿಲ್ಲ, ಕೊಟ್ಟವನಿಗೂ ಏನೋ ಒಂದು ಹೆಚ್ಚಿಗೆ ಸಿಗುತ್ತದೆ.

ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಫ್‌ಎಂನಲ್ಲಿ ಒಂದು ಟ್ರಾನ್ಸ್‌ಮಿಟರ್ ಹಾಕಿದರೆ ಹತ್ತು ಜನ ಕೇಳಿದರೂ ಅದೇ ಖರ್ಚು, ಹತ್ತು ಲಕ್ಷ ಜನ ಕೇಳಿದರೂ ಅದೇ ಖರ್ಚು. ಇಂಟರ್‌ನೆಟ್‌ನಲ್ಲಿ ಪ್ರತಿ ಕೇಳುಗನಿಗೂ ಬೇರೆ ಸ್ಟ್ರೀಮ್ ಹೋಗಬೇಕು. ಸೆಕೆಂಡಿಗೆ 128 ಕಿಲೋಬಿಟ್ (ಕೆಬಿಪಿಎಸ್) ಕಳಿಸಿದರೆ ಒಬ್ಬನಿಗೆ ಗಂಟೆಗೆ ಸುಮಾರು 58 ಎಂಬಿ. ಸಾವಿರ ಜನ ದಿನವಿಡೀ ಕೇಳಿದರೆ ಹತ್ತಿರ ಹತ್ತಿರ 1.4 ಟಿಬಿ. ಕೇಳಲು ಭಾರಿ ಅನ್ನಿಸುತ್ತದೆ, ಆದರೆ ಈಗ ಅದು ಅಂಥ ದೊಡ್ಡ ಖರ್ಚಲ್ಲ. ಬರೀ ‘ಸರ್ವರ್ ಖರ್ಚು’ ಅಂತ ಅಳುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನವೇ. ನಿಜವಾದ ಖರ್ಚು ಮನುಷ್ಯರದು, ಆಮೇಲೆ ಹಾಡಿನದು.

ಹಾಡಿನ ಖರ್ಚು ಏನು ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಇಲ್ಲಿ ಸ್ವಯಂಸೇವಕರೇ ನಡೆಸುವ ಒಂದು ಪುಟ್ಟ ರೇಡಿಯೊದಲ್ಲಿ ಕೆಲವು ಸಲ ಕನ್ನಡ ಹಾಡಿನ ಗಂಟೆ ಮಾಡುತ್ತಿದ್ದೆ. ಮೈಕಿನ ಮುಂದೆ ಕೂರುವುದು ಸುಲಭ. ಕಷ್ಟ ಶುರುವಾಗುವುದು ಆಮೇಲೆ, ಪಟ್ಟಿ ತುಂಬುವಾಗ. ಹಾಡಿನ ಹೆಸರು, ಹಾಡಿದವರು, ರಾಗ ಹಾಕಿದವರು, ಬರೆದವರು, ಎಷ್ಟು ನಿಮಿಷ ಎಷ್ಟು ಸೆಕೆಂಡು, ಕೊನೆಗೆ ಲೇಬಲ್ ಕೋಡ್, ಅಂದರೆ ಹಾಡು ಹೊರತಂದ ಕಂಪನಿಯ ಸಂಖ್ಯೆ. ಹಾಡು ಕಟ್ಟಿದವರ ಪರವಾಗಿ ಗೇಮಾ ಅಂತ ಒಂದು ಸಂಸ್ಥೆ, ಹಾಡಿದವರು ಮತ್ತು ಧ್ವನಿಮುದ್ರಣ ಮಾಡಿದವರ ಪರವಾಗಿ ಜಿವಿಎಲ್ ಅಂತ ಇನ್ನೊಂದು. ಇಬ್ಬರಿಗೂ ದುಡ್ಡು ಹೋಗಬೇಕು, ಅದಕ್ಕೇ ಈ ಪಟ್ಟಿ. ಜರ್ಮನ್ ಸಿಡಿಯ ಮೇಲೆ ಎಲ್‌ಸಿ ಅಂತ ಅಚ್ಚಾಗಿ ಪಕ್ಕದಲ್ಲಿ ಅಂಕಿ ಇರುತ್ತದೆ. ನಾನು ಬೆಂಗಳೂರಿನಿಂದ ತಂದ ಸುಗಮ ಸಂಗೀತದ ಸಿಡಿಯಲ್ಲಿ ಅದೆಲ್ಲಿ ಬರಬೇಕು? ಪಟ್ಟಿ ನೋಡಿಕೊಳ್ಳುತ್ತಿದ್ದ ಮುದುಕಪ್ಪ ಕನ್ನಡಕ ಮೂಗಿನ ತುದಿಗೆ ಜಾರಿಸಿ, ಸಿಡಿಯನ್ನು ಬೆಳಕಿಗೆ ಹಿಡಿದು ಎರಡೂ ಕಡೆ ತಿರುಗಿಸಿ, ನಿಟ್ಟುಸಿರು ಬಿಟ್ಟು ಆ ಖಾನೆಗೆ ಒಂದು ಗೀಟು ಎಳೆಯುತ್ತಿದ್ದರು. ಅವರಿಗೆ ಸಂಬಳವಿಲ್ಲ. ವಾರಕ್ಕೆರಡು ಸಂಜೆ ಅದಕ್ಕೇ ಬಂದು ಕೂರುತ್ತಿದ್ದರು. ನೀವು ಕೊಡುವ ದುಡ್ಡು ಇಂಥವರ ಚಹಾಕ್ಕೂ ಅಲ್ಲ, ಜಾಗದ ಬಾಡಿಗೆಗೆ.

ಅಮೆರಿಕದಲ್ಲಿರುವ ನಿಮ್ಮ ಅಣ್ಣ ‘ಅಲ್ಲಿ ಎಲ್ಲ ಪುಕ್ಕಟೆ’ ಅಂದರು ಅಂತ ಬರೆದಿದ್ದೀರಿ. ಅಲ್ಲಿನದು ಇನ್ನೂ ವಿಚಿತ್ರ. ಅಲ್ಲಿ ಎಫ್‌ಎಂ ಸ್ಟೇಷನ್‌ಗಳು ಹಾಡು ಬರೆದವರಿಗೆ ಮಾತ್ರ ರಾಯಲ್ಟಿ ಕೊಟ್ಟರೆ ಸಾಕು, ಹಾಡಿದವರಿಗೆ ಕೊಡಬೇಕಾಗಿಲ್ಲ. ಇಂಟರ್‌ನೆಟ್ ರೇಡಿಯೊ ಮಾತ್ರ ಇಬ್ಬರಿಗೂ ಕೊಡಬೇಕು. ಸ್ಯಾನ್‌ಫ್ರಾನ್ಸಿಸ್ಕೊದ ಸೋಮಾಎಫ್‌ಎಂ 2000ದಲ್ಲಿ ಶುರುವಾಯಿತು. 2002ರಲ್ಲಿ ಹೊಸ ರಾಯಲ್ಟಿ ದರ ಬಂದಾಗ ಕೆಲವು ತಿಂಗಳು ಮೌನವಾಗಬೇಕಾಯಿತು. ಸಣ್ಣವರಿಗೆ ರಿಯಾಯಿತಿ ಕೊಡುವ ಕಾನೂನು ಬಂದ ಮೇಲೆ ಮತ್ತೆ ಬಾಯಿ ಬಿಟ್ಟಿತು. ಇಷ್ಟು ವರ್ಷ ಜಾಹೀರಾತಿಲ್ಲದೆ ನಡೆದಿರುವುದು ಕೇಳುಗರ ದುಡ್ಡಿನಿಂದಲೇ. ನಿಮ್ಮ ಅಣ್ಣ ಪುಕ್ಕಟೆ ಕೇಳುತ್ತಿದ್ದರೆ, ಅವರ ಪಾಲನ್ನು ಬೇರೆ ಯಾರೋ ಕೊಡುತ್ತಿದ್ದಾರೆ.

ಸ್ಪಾಟಿಫೈಗೆ ಆಗಲೇ ಕೊಡುತ್ತಿದ್ದೇನೆ ಅಂದಿರಿ. ಕೊಡಿ, ತಪ್ಪೇನಿಲ್ಲ. ಅದು ನಿಮಗೆ ಆಗಲೇ ಇಷ್ಟವಾದದ್ದನ್ನು ಹೋಲುವುದನ್ನೇ ತಂದು ಮುಂದಿಡುತ್ತದೆ. ನಿಮಗೆ ಗೊತ್ತೇ ಇಲ್ಲದ ಒಬ್ಬ ಮಾಲಿ ದೇಶದ ಹಾಡುಗಾರನನ್ನು, ಮಧ್ಯಾಹ್ನ ಮೂರು ಗಂಟೆಗೆ, ಅರ್ಧ ನಿಮಿಷ ಕಥೆ ಹೇಳಿ ಕೇಳಿಸಲು ಒಬ್ಬ ಮನುಷ್ಯ ಬೇಕು. ಹೊಸ ಊರಿನಲ್ಲಿ ಒಂಟಿಯಾಗಿ ಕೆಲಸ ಮಾಡುವವರಿಗೆ ಆ ದನಿ ಎಷ್ಟು ಆಸರೆ ಅನ್ನುವುದು ನಿಮಗೆ ನವೆಂಬರ್ ಬಂದಾಗ ಗೊತ್ತಾಗುತ್ತದೆ. ನಾಲ್ಕೂವರೆಗೆಲ್ಲ ಕತ್ತಲು ಇಲ್ಲಿ.

ಹಾಗಂತ ಕೈ ಚಾಚಿದವರಿಗೆಲ್ಲ ಕೊಡಬೇಕಾಗಿಲ್ಲ. ದಿನಾ ಕೇಳುವುದು ಒಂದೋ ಎರಡೋ ಇರುತ್ತದೆ. ಒಂದಕ್ಕೆ ಕೊಡಿ. ಮೊದಲ ವರ್ಷ ಡಿಪಾಸಿಟ್ಟು, ಪೀಠೋಪಕರಣ, ಚಳಿಗಾಲದ ಕೋಟು ಅಂತ ಕೈ ಖಾಲಿಯಾಗಿರುತ್ತದೆ. ಆಗ ಕೊಡದಿದ್ದರೂ ನಾಚಿಕೊಳ್ಳಬೇಡಿ, ಪುಕ್ಕಟೆ ಕೇಳಲಿ ಅಂತಲೇ ಅವರು ಬಾಗಿಲು ತೆರೆದಿಟ್ಟಿರುವುದು. ಒಂದೇ ಸಲ ನೂರು ಯೂರೊ ಎಸೆಯುವುದಕ್ಕಿಂತ ತಿಂಗಳಿಗೆ ಮೂರೋ ನಾಲ್ಕೋ ನಿಯಮಿತವಾಗಿ ಕೊಡುವುದು ಅವರಿಗೆ ಜಾಸ್ತಿ ಅನುಕೂಲ. ಮುಂದಿನ ವರ್ಷದ ಬಾಡಿಗೆಗೆ ಸಹಿ ಹಾಕಬಹುದಾ ಅಂತ ಲೆಕ್ಕ ಸಿಗುತ್ತದೆ. ಬರೀ ಪ್ಲೇಲಿಸ್ಟ್ ಓಡಿಸಿ, ಮಾತಾಡುವ ಒಬ್ಬ ಮನುಷ್ಯನೂ ಇಲ್ಲದ ‘ರೇಡಿಯೊ’ಗೆ ನಾನಂತೂ ಒಂದು ಸೆಂಟೂ ಕೊಡುವುದಿಲ್ಲ. ದುಡ್ಡು ಕೊಟ್ಟವನು ಯಾವ ಹಾಡು ಹಾಕಬೇಕು ಅನ್ನುವುದನ್ನೂ ತಾನೇ ಹೇಳಬೇಕು ಅಂತ ಹೊರಡುವುದೂ ನನಗೆ ಸರಿಯೆನಿಸುವುದಿಲ್ಲ. ಸದಸ್ಯರ ಸಭೆಗಳಲ್ಲಿ ಅಂಥವರು ಒಬ್ಬರಾದರೂ ಇರುತ್ತಾರೆ, ನೋಡುತ್ತೀರಿ.

ಕನ್ನಡದ ಆನ್‌ಲೈನ್ ರೇಡಿಯೊಗಳಿಗೆ ಕೊಡಬಹುದಾ ಅಂದರೆ, ಖಂಡಿತ. ನಮ್ಮವರು ಅಂತ ಕಣ್ಣು ಮುಚ್ಚಿ ಮಾತ್ರ ಕೊಡಬೇಡಿ. ಹಾಡಿನ ಹಕ್ಕಿಗೆ ದುಡ್ಡು ಕಟ್ಟುತ್ತಿದ್ದೀರಾ, ವರ್ಷದ ಲೆಕ್ಕ ತೋರಿಸುತ್ತೀರಾ ಅಂತ ನೇರವಾಗಿ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವವರಿಗಿಂತ ಖುಷಿಪಡುವವರೇ ಜಾಸ್ತಿ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರ ಶುರುಮಾಡಿದಾಗ ಕೈಯಿಂದಲೇ ದುಡ್ಡು ಹಾಕಿದ್ದರು. ಆಮೇಲೆ ಸಂಸ್ಥಾನ ಅದನ್ನು ವಹಿಸಿಕೊಂಡಿತು. ಇಲ್ಲಿ ನಮ್ಮನ್ನು ವಹಿಸಿಕೊಳ್ಳಲು ಯಾವ ಮಹಾರಾಜರೂ ಬರುವುದಿಲ್ಲ. ಗೋಪಾಲಸ್ವಾಮಿಗಳಂತೆ ಒಬ್ಬರೇ ಎಲ್ಲ ಹೊರುವುದೂ ಬೇಡ, ನೂರು ಜನ ಸ್ವಲ್ಪ ಸ್ವಲ್ಪ ಹೊತ್ತರೆ ಸಾಕು.

ಕೊನೆಗೆ ವ್ಯವಹಾರದ ಮಾತು. ಸದಸ್ಯರಾಗುವಾಗ ಐಬಿಎಎನ್, ಅಂದರೆ ಬ್ಯಾಂಕ್ ಖಾತೆಯ ಸಂಖ್ಯೆ, ಕೇಳುತ್ತಾರೆ. ಲಾಸ್ಟ್‌ಷ್ರಿಫ್ಟ್‌ಗೆ (ಅವರೇ ನಿಮ್ಮ ಖಾತೆಯಿಂದ ದುಡ್ಡು ತೆಗೆದುಕೊಳ್ಳುವ ಪದ್ಧತಿಗೆ) ಹೆದರಬೇಡಿ, ಖಾತೆಯಿಂದ ಎಳೆದ ದುಡ್ಡು ಸರಿಯಿಲ್ಲ ಅನ್ನಿಸಿದರೆ ಎಂಟು ವಾರದೊಳಗೆ ಬ್ಯಾಂಕಿಗೆ ಹೇಳಿ ವಾಪಸ್ ಹಾಕಿಸಿಕೊಳ್ಳಬಹುದು. ಸಂಘ ಗೆಮೈನ್‌ನ್ಯೂಟ್ಸಿಗ್ (ಸಾರ್ವಜನಿಕ ಹಿತದ ಸಂಸ್ಥೆ ಅಂತ ಮಾನ್ಯತೆ ಪಡೆದದ್ದು) ಆಗಿದೆಯಾ ನೋಡಿ. ಆಗಿದ್ದರೆ ಕೊಟ್ಟ ದೇಣಿಗೆಯನ್ನು ತೆರಿಗೆ ಲೆಕ್ಕದಲ್ಲಿ ತೋರಿಸಬಹುದು. 300 ಯೂರೊವರೆಗಿನ ದೇಣಿಗೆಗೆ ಬೇರೆ ರಸೀದಿ ಪತ್ರ ಬೇಕಿಲ್ಲ, ಬ್ಯಾಂಕಿನ ಸ್ಟೇಟ್‌ಮೆಂಟ್ ಮತ್ತು ತನಗೆ ತೆರಿಗೆ ವಿನಾಯಿತಿ ಇದೆ ಅಂತ ಸಂಘ ಕೊಡುವ ಚೀಟಿ ಸಾಕು. ಸದಸ್ಯತ್ವ ಬಿಡಬೇಕಾದರೆ ಎಷ್ಟು ತಿಂಗಳು ಮುಂಚೆ ಹೇಳಬೇಕು ಅಂತ ಸಂಘದ ಜಾಟ್ಸುಂಗ್‌ನಲ್ಲಿ (ನಿಯಮಾವಳಿಯಲ್ಲಿ) ಬರೆದಿರುತ್ತದೆ, ಸಹಿಗೆ ಮುಂಚೆ ಅದೊಂದು ಸಾಲು ಓದಿಕೊಳ್ಳಿ. ಬೈಟ್ರಾಗ್ಸ್‌ಸರ್ವಿಸ್ ಅರ್ಜಿ ತುಂಬುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಬರೆಯಿರಿ, ಯಾವ ಖಾನೆಗೆ ಏನು ಅಂತ ಹೇಳುತ್ತೇನೆ.