ಸೌದೆಯೂ ಪರಮಾಣುಗಳೇ, ಯುರೇನಿಯಂ ಕೂಡ ಪರಮಾಣುಗಳೇ: ಶಕ್ತಿಯಲ್ಲಿ ಅಷ್ಟು ಅಂತರ ಏಕೆ?

ಸೌದೆ ಉರಿಯುವಾಗ ಬದಲಾಗುವುದು ಹೊರಗಿನ ಎಲೆಕ್ಟ್ರಾನುಗಳ ಜೋಡಣೆ ಮಾತ್ರ. ಪರಮಾಣುವಿನ ನಡುವಿನ ತಿರುಳಾದ ನ್ಯೂಕ್ಲಿಯಸ್ ಅಲುಗುವುದೂ ಇಲ್ಲ. ‘ಪರಮಾಣುಗಳ ನಡುವಿನ ಬಂಧ ಒಡೆದರೆ ಶಕ್ತಿ ಬರುತ್ತದೆ’ ಎನ್ನುವುದು ತಪ್ಪು ಕಲ್ಪನೆ. ಒಡೆಯಲು ಶಕ್ತಿ ಬೇಕು (ಅದಕ್ಕೇ ಮೊದಲು ಕಡ್ಡಿ ಗೀರುವುದು). ಇಂಗಾಲವು ಆಮ್ಲಜನಕದ ಜೊತೆ ಇನ್ನೂ ಗಟ್ಟಿಯಾಗಿ ಬೆಸೆದುಕೊಂಡಾಗ ಮಿಕ್ಕ ಶಕ್ತಿ ಶಾಖವಾಗಿ ಹೊರಬರುತ್ತದೆ: ಇಂಗಾಲದ ಒಂದು ಪರಮಾಣುವಿಗೆ ಸುಮಾರು 4 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿ ಅಳೆಯುವ ಪುಟ್ಟ ಮಾನ). ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲೊಲೆ ಹೊಗೆಯಾಡುವುದೂ ಇದೇ ಲೆಕ್ಕದಲ್ಲೇ. ಹಸಿ ಸೌದೆಯ ಒಂದು ಲೀಟರ್ ನೀರು ಆವಿಯಾಗಲು ಮುಕ್ಕಾಲು ಯೂನಿಟ್ ಕರೆಂಟಿನಷ್ಟು ಶಾಖ ನುಂಗುತ್ತದೆ. ಉರಿ ತಣಿದು, ಸೌದೆಯ ಅನಿಲ ಪೂರ್ತಿ ಸುಡದೆ ಹೊಗೆಯಾಗುತ್ತದೆ, ಹಂಡೆ ಕಾಯುವುದಿಲ್ಲ.

ಯುರೇನಿಯಂ-235ರಲ್ಲಿ ಒಡೆಯುವುದು ನ್ಯೂಕ್ಲಿಯಸ್ಸೇ. ನಿಧಾನಗತಿಯ ನ್ಯೂಟ್ರಾನ್ ಹೊಕ್ಕರೆ ಅದು ಎರಡು ಹೋಳಾಗುತ್ತದೆ. ಹೋಳುಗಳೊಳಗೆ ಪ್ರೋಟಾನ್, ನ್ಯೂಟ್ರಾನುಗಳ ಹಿಡಿತ ಮೊದಲಿಗಿಂತ ಬಿಗಿ. ಆ ವ್ಯತ್ಯಾಸವೇ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್. 1 ಕೆಜಿ ಪೂರ್ತಿ ವಿದಳನವಾದರೂ (ಹೀಗೆ ಹೋಳಾದರೂ) ಶಕ್ತಿಯಾಗಿ ಹೊರಹೋಗಿ ಕಡಿಮೆಯಾಗುವ ದ್ರವ್ಯರಾಶಿ 1 ಗ್ರಾಂಗಿಂತ ತುಸು ಕಡಿಮೆ. ಸಿಕ್ಕ ಶಾಖದಲ್ಲಿ ಮೂರನೇ ಒಂದು ಪಾಲು ಕರೆಂಟಾದರೆ, 1035 ಮೆಗಾವಾಟ್‌ನ ಶರಾವತಿ ಕೇಂದ್ರವನ್ನು ಪೂರ್ತಿ ಸಾಮರ್ಥ್ಯದಲ್ಲಿ ಸುಮಾರು 7 ಗಂಟೆ ಓಡಿಸಿದಷ್ಟು. ಶರಾವತಿಯಲ್ಲಿ ಇದ್ಯಾವುದೂ ಇಲ್ಲ ಬಿಡಿ, ಅಲ್ಲಿ ದುಡಿಯುವುದು ಎತ್ತರದಿಂದ ಬೀಳುವ ನೀರು.